ಸದಸ್ಯರೆಲ್ಲರ ಮೊಬೈಲ್ ಸಂಖ್ಯೆ 2147483647 ಆದದ್ದು ಹೇಗೆ?

ಪ್ರಶ್ನೆ: ನಾನು ಹಾಸನ ಜಿಲ್ಲೆಯ ಒಂದು ಪತ್ತಿನ ಸಹಕಾರ ಸಂಘದ ಕಾರ್ಯದರ್ಶಿ. ಸದಸ್ಯರು 1,862 ಮಂದಿ. ಕಳೆದ ತಿಂಗಳು ಸದಸ್ಯರ ವಿವರಗಳನ್ನೆಲ್ಲ ಹಳೇ ಕಂಪ್ಯೂಟರಿನ ಎಕ್ಸೆಲ್ ಫೈಲಿನಿಂದ ಹೊಸ ಸಾಫ್ಟ್‌ವೇರಿಗೆ ಹಾಕಿಸಿದೆವು. ಮಹಾಸಭೆಯ ನೋಟಿಸನ್ನು ಎಸ್‌ಎಂಎಸ್ ಮಾಡೋಣವೆಂದು ತೆರೆದು ನೋಡಿದರೆ ಬಹುತೇಕ ಎಲ್ಲರ ಮೊಬೈಲ್ ಸಂಖ್ಯೆಯೂ 2147483647 ಎಂದಾಗಿದೆ. ಮನೆಯ ಲ್ಯಾಂಡ್‌ಲೈನ್ ಕೊಟ್ಟಿದ್ದ ಅರವತ್ತು ಎಪ್ಪತ್ತು ಮಂದಿಯ ಆರಂಕಿಯ ನಂಬರ್ ಮಾತ್ರ ಸರಿಯಾಗಿದೆ. ಕೆಲವರ ಮುಂದೆ ಬರೀ 91 ಇದೆ, ಇನ್ನು ಕೆಲವರದ್ದು ಐದೇ ಅಂಕಿ. ಸಾಫ್ಟ್‌ವೇರ್ ಹಾಕಿದ ಹುಡುಗ ವೈರಸ್ ಅನ್ನುತ್ತಾನೆ, ಬೇರೆ ದುಡ್ಡು ಕೊಟ್ಟರೆ ನಂಬರುಗಳನ್ನು ವಾಪಸ್ ತೆಗೆದುಕೊಡುತ್ತಾನಂತೆ. ನಿರ್ದೇಶಕರೊಬ್ಬರು ಇದು ಹ್ಯಾಕರ್‌ನ ನಂಬರ್, ಪೊಲೀಸರಿಗೆ ದೂರು ಕೊಡೋಣ ಅನ್ನುತ್ತಾರೆ. ದ್ವಿತೀಯ ಪಿಯುಸಿಯಲ್ಲಿರುವ ನನ್ನ ಮಗಳು ಇದೊಂದು ಪ್ರಸಿದ್ಧ ಅವಿಭಾಜ್ಯ ಸಂಖ್ಯೆ ಎಂದಳು. ಯಾರ ಮಾತು ಸರಿ? ಹಳೇ ಕಂಪ್ಯೂಟರನ್ನು ಫಾರ್ಮ್ಯಾಟ್ ಮಾಡಿಸಿ ಕೊಟ್ಟಾಗಿದೆ. ನಂಬರುಗಳು ಮತ್ತೆ ಸಿಗುತ್ತವೆಯೇ? ಇಷ್ಟು ದೊಡ್ಡ ಸಂಖ್ಯೆ ಅವಿಭಾಜ್ಯವೆಂದು ಕಂಡುಹಿಡಿಯುವುದಾದರೂ ಹೇಗೆ?

ಉತ್ತರ: ಮಗಳ ಮಾತು ಸರಿ. ಆದರೆ ನಿಮ್ಮ ತೊಂದರೆಗೆ ಅದು ಕಾರಣವಲ್ಲ. ವೈರಸ್ಸೂ ಇಲ್ಲ, ಹ್ಯಾಕರ್ರೂ ಇಲ್ಲ. ದೂರು ಕೊಟ್ಟರೆ ಪೊಲೀಸರಿಗೆ ಹುಡುಕಲು ಯಾರೂ ಸಿಗುವುದಿಲ್ಲ.

ಭಾರತದ ಮೊಬೈಲ್ ಸಂಖ್ಯೆಗಳು ಶುರುವಾಗುವುದು 6, 7, 8 ಅಥವಾ 9ರಿಂದ. 2ರಿಂದ ಶುರುವಾಗುವ ಇದು ಇಲ್ಲಿನ ಯಾರ ಮೊಬೈಲೂ ಆಗಲಾರದು. ಅಮೆರಿಕದ ರೀತಿಯಲ್ಲಿ 214-748-3647 ಎಂದು ಒಡೆದು ಬರೆದರೆ ಟೆಕ್ಸಾಸ್‌ನ ಡಲ್ಲಾಸ್ ನಗರದ ಫೋನಿನಂತೆ ಕಾಣುತ್ತದೆ, ಏಕೆಂದರೆ 214 ಅಲ್ಲಿನ ಏರಿಯಾ ಕೋಡ್. ಅದು ಕಾಕತಾಳೀಯ. ಕುತೂಹಲಕ್ಕೂ ಅದಕ್ಕೆ ಫೋನ್ ಮಾಡಬೇಡಿ, ಯಾರೋ ಪಾಪದವರಿಗೆ ತೊಂದರೆ.

ಇದನ್ನು ನಮ್ಮ ಕ್ರಮದಲ್ಲಿ 2,14,74,83,647 ಎಂದು ಬರೆಯೋಣ: ಇನ್ನೂರ ಹದಿನಾಲ್ಕು ಕೋಟಿ ಚಿಲ್ಲರೆ. ಕಂಪ್ಯೂಟರ್ ಒಂದು ಪೂರ್ಣಾಂಕಕ್ಕೆ ಸಾಮಾನ್ಯವಾಗಿ 32 ಬಿಟ್‌ಗಳ ಜಾಗ ಕೊಡುತ್ತದೆ. ಬಿಟ್ ಅಂದರೆ 0 ಅಥವಾ 1 ಕೂರುವ ಒಂದು ಮನೆ. ಮೊದಲ ಮನೆ ಸಂಖ್ಯೆ ಧನವೋ ಋಣವೋ ಎಂದು ತೋರಿಸಲು ಹೋಗುತ್ತದೆ, ಉಳಿಯುವುದು 31. ಆ ಮೂವತ್ತೊಂದರಲ್ಲೂ 1 ತುಂಬಿದರೆ ಬರುವ ಮೊತ್ತ 1 + 2 + 4 + 8 ಎಂದು ಶುರುವಾಗಿ 2³⁰ರವರೆಗೆ. ಇಂಥ ಮೊತ್ತ ಯಾವಾಗಲೂ ಮುಂದಿನ ಘಾತಕ್ಕಿಂತ ಒಂದು ಕಡಿಮೆ ಇರುತ್ತದೆ. 1 + 2 + 4 ಕೂಡಿದರೆ 7, ಅಂದರೆ 8ಕ್ಕೆ ಒಂದು ಕಡಿಮೆ. ಹಾಗೆಯೇ ಇಲ್ಲಿ 2³¹ − 1, ಅದೇ 2147483647. ಡೇಟಾಬೇಸಿನಲ್ಲಿ ‘ಇಂಟ್’ ಎಂಬ ಬಗೆಯ ಕಾಲಂ ಹಿಡಿಯಬಲ್ಲ ಅತಿ ದೊಡ್ಡ ಸಂಖ್ಯೆ ಅದು.

ನಿಮ್ಮ ಹೊಸ ಸಾಫ್ಟ್‌ವೇರಿನಲ್ಲಿ ಮೊಬೈಲ್ ಸಂಖ್ಯೆಯ ಕಾಲಮ್ಮನ್ನು ಇಂಟ್ ಎಂದು ಮಾಡಿದ್ದಾರೆ. ಅತಿ ಚಿಕ್ಕ ಮೊಬೈಲ್ ಸಂಖ್ಯೆ ಎಂದರೂ ಆರುನೂರು ಕೋಟಿ, ಅಂದರೆ 6000000000. ಕಾಲಮ್ಮಿನ ಮಿತಿ ಇನ್ನೂರ ಹದಿನಾಲ್ಕು ಕೋಟಿ. ಹಾಗಾಗಿ ಒಂದೇ ಒಂದು ಮೊಬೈಲ್ ಸಂಖ್ಯೆಯೂ ಅದರೊಳಗೆ ಹಿಡಿಸುವುದಿಲ್ಲ. ಆಗ ಏನಾಗುತ್ತದೆ ಎನ್ನುವುದು ಡೇಟಾಬೇಸಿನ ಸೆಟ್ಟಿಂಗ್ ಮೇಲೆ ಹೋಗುತ್ತದೆ. ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ಸಾಫ್ಟ್‌ವೇರಿನಲ್ಲಿ ‘ಸ್ಟ್ರಿಕ್ಟ್ ಮೋಡ್’ ಇದ್ದರೆ ಮಿತಿ ಮೀರಿದ ಸಂಖ್ಯೆ ಬಂದ ಕೂಡಲೇ ಎರರ್ ಕೊಟ್ಟು ನಿಂತುಬಿಡುತ್ತದೆ. ಅದನ್ನು ಆಫ್ ಮಾಡಿದ್ದರೆ ಒಂದು ಎಚ್ಚರಿಕೆಯನ್ನು ಗುಟ್ಟಾಗಿ ಬರೆದಿಟ್ಟು, ಸಂಖ್ಯೆಯನ್ನು ಮಿತಿಗೆ ಕತ್ತರಿಸಿ ಒಳಗೆ ಹಾಕಿಕೊಳ್ಳುತ್ತದೆ. ಕೊಳಗಕ್ಕೆ ಎರಡು ಕೊಳಗದ ಭತ್ತ ಸುರಿದರೂ ಹತ್ತು ಕೊಳಗದ್ದು ಸುರಿದರೂ ಕೊನೆಗೆ ಅದು ತೋರಿಸುವುದು ಕಂಠಮಟ್ಟ ತುಂಬಿದ ಒಂದೇ ಕೊಳಗ. ಮಿಕ್ಕಿದ್ದು ನೆಲದ ಮೇಲೆ. ಮೈಎಸ್‌ಕ್ಯೂಎಲ್ 5.7ರಿಂದ ಸ್ಟ್ರಿಕ್ಟ್ ಮೋಡ್ ತಾನಾಗಿಯೇ ಇರುತ್ತದೆ. ಹಳೇ ಪ್ರೋಗ್ರಾಂ ಎರರ್ ಕೊಡುತ್ತದೆಂದು ಅದನ್ನು ಆಫ್ ಮಾಡಿಡುವವರು ಬೇಕಾದಷ್ಟು ಜನ ಇದ್ದಾರೆ. ನಿಮ್ಮಲ್ಲೂ ಅದೇ ಆಗಿದೆ.

ಸಾಫ್ಟ್‌ವೇರ್ ಮಾಡಿದವರು “ನಾವು ಇಂಟ್(10) ಎಂದು ಕೊಟ್ಟಿದ್ದೇವಲ್ಲ, ಹತ್ತಂಕಿ ಹಿಡಿಸಲೇಬೇಕು” ಎಂದು ವಾದಿಸಬಹುದು. ಇದು ಈ ಕಸುಬಿನಲ್ಲಿ ಬೇರುಬಿಟ್ಟಿರುವ ತಪ್ಪು ತಿಳಿವಳಿಕೆ. ಆವರಣದೊಳಗಿನ ಆ 10 ತೆರೆಯ ಮೇಲೆ ಎಷ್ಟು ಅಗಲಕ್ಕೆ ತೋರಿಸಬೇಕು ಎಂಬ ಸೂಚನೆ ಮಾತ್ರ. ಅದರಿಂದ ಒಳಗಿನ ಜಾಗ ಒಂದು ಬಿಟ್‌ನಷ್ಟೂ ಹೆಚ್ಚುವುದಿಲ್ಲ.

ಉಳಿದ ಸಾಲುಗಳನ್ನು ಗಮನಿಸಿದರೆ ಕಾರಣ ಇನ್ನೂ ಖಚಿತವಾಗುತ್ತದೆ. ಆರಂಕಿಯ ಲ್ಯಾಂಡ್‌ಲೈನ್ ಹತ್ತು ಲಕ್ಷಕ್ಕಿಂತ ಕಡಿಮೆ, ಆದ್ದರಿಂದ ಉಳಿಯಿತು. ಅದನ್ನೇ ಯಾರಾದರೂ ಹಾಸನದ 08172 ಕೋಡ್ ಸೇರಿಸಿ ಕೊಟ್ಟಿದ್ದರೆ ಮುಂದಿನ ಸೊನ್ನೆ ಬಿದ್ದುಹೋಗಿ 8172ರಿಂದ ಶುರುವಾಗುವ ಹತ್ತಂಕಿ ಆಗುತ್ತಿತ್ತು. ಅದಕ್ಕೂ ಕತ್ತರಿ. ಬರೀ 91 ಇರುವವರ ಸಂಖ್ಯೆಯನ್ನು ಹಳೇ ಫೈಲಿನಲ್ಲಿ “+91” ಎಂದು ಬರೆದು ಜಾಗ ಬಿಟ್ಟು ಮುಂದುವರಿಸಿದ್ದಾರೆ. ಇಂಟ್ ಕಾಲಂ ಎಡದಿಂದ ಓದುತ್ತ ಹೋಗಿ ಅಂಕಿಯಲ್ಲದ್ದು ಕಂಡಲ್ಲಿ ನಿಲ್ಲುತ್ತದೆ, ಹಾಗಾಗಿ 91ಕ್ಕೇ ನಿಂತಿತು. ಐದಂಕಿಯವರದ್ದೂ ಅದೇ ಕಥೆ: “90000 00000” ಎಂದು ನಡುವೆ ಜಾಗ ಬಿಟ್ಟೋ ಗೆರೆ ಎಳೆದೋ ಬರೆದಿದ್ದರೆ 90000 ಮಾತ್ರ ಒಳಗೆ ಹೋಗುತ್ತದೆ. 0 ಇರುವ ಸಾಲುಗಳೂ ಇರಬಹುದು ನೋಡಿ, ಅಲ್ಲಿ ಮೂಲದಲ್ಲಿ ಏನೂ ಇರಲಿಲ್ಲ ಅಥವಾ ಅಕ್ಷರ ಇತ್ತು. ವೈರಸ್ ಇಷ್ಟು ನೇಮನಿಷ್ಠೆಯಿಂದ ಕೆಲಸ ಮಾಡುವುದಿಲ್ಲ.

ಇನ್ನೂ ಅನುಮಾನವಿದ್ದರೆ ಒಬ್ಬ ಸದಸ್ಯರ ಪುಟ ತೆರೆದು ಅವರ ಸರಿಯಾದ ಮೊಬೈಲ್ ಸಂಖ್ಯೆಯನ್ನು ಟೈಪ್ ಮಾಡಿ ಸೇವ್ ಮಾಡಿ, ಮುಚ್ಚಿ, ಮತ್ತೆ ತೆರೆಯಿರಿ. 2147483647 ಎಂದೇ ಬಂದರೆ ಮೇಲೆ ಹೇಳಿದ್ದೆಲ್ಲ ಖಾತ್ರಿ. ಸಿಬ್ಬಂದಿಯನ್ನು ಕೂರಿಸಿ ಕೈಯಾರೆ ತಿದ್ದಿಸುವ ಕೆಲಸಕ್ಕೆ ಈಗಲೇ ಕೈಹಾಕಬಾರದು ಎನ್ನುವುದೂ ಅದರಿಂದಲೇ ಗೊತ್ತಾಗುತ್ತದೆ. ಕಾಲಂ ಬದಲಾಗುವ ತನಕ ತಿದ್ದಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ.

ಹಳೇ ಸಂಖ್ಯೆಗಳು ವಾಪಸ್ ಬರುತ್ತವೆಯೇ?

ಆ ಕಾಲಮ್ಮಿನಿಂದ ಬರುವುದಿಲ್ಲ. ಎಷ್ಟು ದುಡ್ಡು ಕೊಟ್ಟರೂ ಬರುವುದಿಲ್ಲ. ನೂರಾರು ಬೇರೆ ಬೇರೆ ಸಂಖ್ಯೆಗಳು ಒಂದೇ ಸಂಖ್ಯೆಯಾದ ಮೇಲೆ ಯಾವುದು ಯಾರದ್ದಾಗಿತ್ತು ಎಂಬ ಸುಳಿವು ಅದರಲ್ಲಿ ಉಳಿದಿಲ್ಲ. ಅದರಿಂದಲೇ ತೆಗೆದುಕೊಡುತ್ತೇನೆ ಎನ್ನುವವರಿಗೆ ಒಂದು ರೂಪಾಯಿಯೂ ಕೊಡಬೇಡಿ.

ಇಲ್ಲೊಂದು ಸೂಕ್ಷ್ಮವಿದೆ. ಕೆಲವು ಪ್ರೋಗ್ರಾಂಗಳು ಮಿತಿ ಮೀರಿದ ಸಂಖ್ಯೆಯನ್ನು ಕತ್ತರಿಸುವುದಿಲ್ಲ, ಸ್ಕೂಟರಿನ ಕಿಲೋಮೀಟರ್ ಮೀಟರು 99999 ಆದಮೇಲೆ ಸೊನ್ನೆಗೆ ಬರುವಂತೆ ಸುತ್ತಿಸುತ್ತವೆ. ಸುತ್ತಿನ ಅಳತೆ 2³², ಅಂದರೆ 4294967296. ಹಾಗೆ ಸುತ್ತಿದ ಸಂಖ್ಯೆಯಿಂದ ಮೂಲವನ್ನು ಖಂಡಿತ ತೆಗೆಯಬಹುದು. 9000000000ದಿಂದ ಎರಡು ಸುತ್ತು ಕಳೆದರೆ 410065408 ಉಳಿಯುತ್ತದೆ. ವಾಪಸ್ ಒಂದು ಸುತ್ತು ಕೂಡಿದರೆ 4705032704, ಅದು 4ರಿಂದ ಶುರುವಾಗುವುದರಿಂದ ಮೊಬೈಲ್ ಅಲ್ಲ. ಇನ್ನೊಂದು ಕೂಡಿದರೆ 9000000000 ಸಿಕ್ಕಿತು. 7000000000 ಆಗಿದ್ದರೆ ಒಳಗೆ −1589934592 ಎಂಬ ಋಣ ಸಂಖ್ಯೆ ಕೂರುತ್ತದೆ, ಅದಕ್ಕೂ ಎರಡು ಸುತ್ತು ಕೂಡಿದರೆ ಮೂಲ ಬರುತ್ತದೆ. ಒಂದಕ್ಕೆ ಎರಡು ಉತ್ತರ ಬರುವ ಭಯವಿಲ್ಲ: 600 ಕೋಟಿಯಿಂದ 1000 ಕೋಟಿವರೆಗಿನ ಹರವು 400 ಕೋಟಿ, ಒಂದು ಸುತ್ತು ಅದಕ್ಕಿಂತ ದೊಡ್ಡದು, 429 ಕೋಟಿ. ನಿಮ್ಮ ಕಾಲಮ್ಮಿನಲ್ಲಿ ಋಣ ಚಿಹ್ನೆಯ ಸಂಖ್ಯೆಗಳು, ಒಂದಕ್ಕೊಂದು ಸಂಬಂಧವಿಲ್ಲದ ಒಂಬತ್ತು ಹತ್ತಂಕಿಯ ಸಂಖ್ಯೆಗಳು ಕಂಡಿದ್ದರೆ ಈ ಲೆಕ್ಕ ಕೆಲಸಕ್ಕೆ ಬರುತ್ತಿತ್ತು. ನಿಮ್ಮದು ಆ ಜಾತಿಯದ್ದಲ್ಲ.

ಹಾಗಾಗಿ ಬೇರೆ ಕಡೆ ಹುಡುಕಬೇಕು. ಮೊದಲಿಗೆ ಸಾಫ್ಟ್‌ವೇರ್ ಹಾಕಿದವರ ಲ್ಯಾಪ್‌ಟಾಪ್, ಪೆನ್‌ಡ್ರೈವ್, ಇಮೇಲ್. ನಿಮ್ಮ ಎಕ್ಸೆಲ್ ಫೈಲನ್ನು ಅವರು ಎಲ್ಲಿಂದಲೋ ಏರಿಸಿರಲೇಬೇಕು, ಅದರ ಪ್ರತಿ ಸಿಗುವ ಸಂಭವ ಹೆಚ್ಚು. “ವಾಪಸ್ ತೆಗೆದುಕೊಡುತ್ತೇನೆ” ಎನ್ನುವ ಹುಡುಗನ ಧೈರ್ಯದ ಹಿಂದೆ ಈ ಪ್ರತಿಯೇ ಇದ್ದರೂ ಇರಬಹುದು, ನೇರವಾಗಿ ಕೇಳಿ. ಆಮೇಲೆ ಎಸ್‌ಎಂಎಸ್ ಕಳುಹಿಸುವ ಕಂಪನಿಯ ಪೋರ್ಟಲ್: ಹಿಂದಿನ ಮಹಾಸಭೆಗೆ ಸಂದೇಶ ಹೋಗಿದ್ದರೆ ಆ ಪಟ್ಟಿಯನ್ನು ಇಳಿಸಿಕೊಳ್ಳಲು ಬರುತ್ತದೆಯೇ ನೋಡಿ. ಡೇಟಾಬೇಸಿಗೆ ಆದ ಬದಲಾವಣೆಗಳನ್ನೆಲ್ಲ ಬರೆದಿಡುವ ಸರ್ವರಿನ ‘ಬೈನರಿ ಲಾಗ್’ ಸ್ಟೇಟ್‌ಮೆಂಟ್ ಮಾದರಿಯಲ್ಲಿದ್ದರೆ ಕತ್ತರಿಸುವ ಮೊದಲಿನ ಆಜ್ಞೆ ಯಥಾವತ್ತಾಗಿ ಅದರಲ್ಲಿರುತ್ತದೆ. ಬದಲಾದ ಸಾಲುಗಳನ್ನಷ್ಟೇ ಬರೆದಿಡುವ ರೋ ಮಾದರಿಯಲ್ಲಿದ್ದರೆ ಅಲ್ಲೂ ಕತ್ತರಿಸಿದ್ದೇ ಇರುತ್ತದೆ, ಹೊಸ ಆವೃತ್ತಿಗಳಲ್ಲಿ ಸಾಮಾನ್ಯವಾಗಿ ಇರುವುದು ಈ ಎರಡನೆಯದೇ. ಯಾವುದೂ ಸಿಗದಿದ್ದರೆ ಬೀರುವಿನಲ್ಲಿರುವ ಸದಸ್ಯತ್ವದ ಅರ್ಜಿಗಳೇ ಗತಿ.

ಸರಿಪಡಿಸುವ ಕ್ರಮ

ಮೊದಲ ದಿನವೇ ಮಾಡಬೇಕಾದ್ದು ಒಂದಿದೆ. ಮೊಬೈಲ್ ಸಂಖ್ಯೆ ಕೊಟ್ಟು ತಮ್ಮ ಖಾತೆ ನೋಡುವ, ಒಟಿಪಿ ಪಡೆಯುವ ಸೌಲಭ್ಯವೇನಾದರೂ ಇದ್ದರೆ ಅದನ್ನು ನಿಲ್ಲಿಸಿ. ಸಾವಿರಕ್ಕೂ ಹೆಚ್ಚು ಮಂದಿಗೆ ಒಂದೇ ಸಂಖ್ಯೆ ಇರುವಾಗ ಸಂಖ್ಯೆಯ ಮೇಲೆ ಹುಡುಕಿದರೆ ಪ್ರೋಗ್ರಾಂ ಎದುರಿಗೆ ಸಿಕ್ಕಿದ ಮೊದಲ ಸದಸ್ಯರ ಖಾತೆ ತೋರಿಸಬಹುದು. ಎಸ್‌ಎಂಎಸ್ ಕಳುಹಿಸುವುದನ್ನೂ ನಿಲ್ಲಿಸಿ.

ಆಮೇಲೆ ಈಗಿರುವ ಡೇಟಾಬೇಸಿನ ಪೂರ್ತಿ ಬ್ಯಾಕಪ್. ಹಾಳಾಗಿದ್ದರೂ ಅದರಲ್ಲಿ ಸರಿಯಾದ ಲ್ಯಾಂಡ್‌ಲೈನ್‌ಗಳಿವೆ, ಅರ್ಧ ಉಳಿದ ಐದಂಕಿಗಳಿವೆ. ಅರ್ಜಿಯ ಕೈಬರಹ ಓದಲಾಗದೆ ಹೋದಾಗ ಆ ಐದಂಕಿ ನೆರವಿಗೆ ಬರುತ್ತದೆ.

ಕಾಲಮ್ಮಿಗೆ ಯಾವ ಬಗೆ ಕೊಡಬೇಕು ಎಂಬಲ್ಲಿ ಮೂರು ಸಲಹೆ ಬರಬಹುದು. ‘ಅನ್‌ಸೈನ್ಡ್ ಇಂಟ್’ ಮಾಡೋಣ ಎಂದರೆ ಒಪ್ಪಬೇಡಿ: ಚಿಹ್ನೆಯ ಮನೆಯೂ ಲೆಕ್ಕಕ್ಕೆ ಸಿಕ್ಕಿ ಮಿತಿ 4294967295ಕ್ಕೆ ಏರುತ್ತದೆ, ಆದರೂ 600 ಕೋಟಿಗೆ ಸಾಲದು. ಎಲ್ಲರ ನಂಬರೂ ಈ ಸಲ 4294967295 ಆಗುತ್ತದೆ, ಅಷ್ಟೆ. ‘ಬಿಗ್‌ಇಂಟ್’ 19 ಅಂಕಿಯವರೆಗೆ ಹಿಡಿಯುತ್ತದೆ. ಮೊಬೈಲ್‌ಗೆ ಸಾಕು, ಆದರೆ ಎಸ್‌ಟಿಡಿ ಕೋಡಿನ ಮುಂದಿನ ಸೊನ್ನೆ, ವಿದೇಶದಲ್ಲಿರುವ ಸದಸ್ಯರ ನಂಬರಿನ + ಗುರುತು ಉಳಿಯುವುದಿಲ್ಲ. ಸರಿಯಾದದ್ದು ಅಕ್ಷರಗಳ ಕಾಲಂ, ‘ವಾರ್‌ಚಾರ್’. ಅಂತರರಾಷ್ಟ್ರೀಯ ನಿಯಮದಂತೆ ಫೋನ್ ಸಂಖ್ಯೆ ದೇಶದ ಕೋಡ್ ಸೇರಿ 15 ಅಂಕಿ ದಾಟುವುದಿಲ್ಲ, + ಗುರುತಿಗೆ ಒಂದು ಸೇರಿಸಿ 16 ಕೊಡಿಸಿ. ನನ್ನ ಅಳತೆಗೋಲು ಇಷ್ಟೆ: ಕೂಡುವ ಕಳೆಯುವ ಕೆಲಸವಿಲ್ಲದ ಯಾವುದನ್ನೂ ಸಂಖ್ಯೆಯಾಗಿ ಇಡಬಾರದು. ಇಬ್ಬರ ಮೊಬೈಲ್ ನಂಬರ್ ಕೂಡಿ ಯಾರಿಗೇನು ಆಗಬೇಕು?

ಕಾಲಂ ಬದಲಾದ ಮೇಲೆ 2147483647 ಇರುವ ಸಾಲುಗಳನ್ನೆಲ್ಲ ಖಾಲಿ ಮಾಡಿಸಿ, ಸ್ಟ್ರಿಕ್ಟ್ ಮೋಡ್ ಆನ್ ಮಾಡಿಸಿ, ಆಮೇಲೆ ತುಂಬಿಸಿ. ಹೆಸರು ನೋಡಿ ಹೊಂದಿಸಬೇಡಿ, ಒಂದೇ ಊರಿನಲ್ಲಿ ನಾಲ್ವರು ಮಂಜೇಗೌಡರಿರುತ್ತಾರೆ. ಸದಸ್ಯತ್ವ ಸಂಖ್ಯೆಯಿಂದಲೇ ಹೊಂದಿಸಬೇಕು. ತುಂಬಿದ ನಂತರ ಹತ್ತಂಕಿ ಇಲ್ಲದ, ಅಥವಾ 6ರಿಂದ 9ರೊಳಗಿನ ಅಂಕಿಯಿಂದ ಶುರುವಾಗದ ಸಾಲುಗಳ ಪಟ್ಟಿ ತೆಗೆಸಿ, ಅದನ್ನು ಒಂದೊಂದಾಗಿ ನೋಡಿ.

ಅಂದಹಾಗೆ, ಎಕ್ಸೆಲ್‌ನಿಂದ ಮತ್ತೆ ಏರಿಸುವಾಗ ಕಾಲಮ್ಮನ್ನು ‘ಟೆಕ್ಸ್ಟ್’ ಮಾಡಿಕೊಳ್ಳುವುದನ್ನು ಮರೆಯಬೇಡಿ. 12 ಅಂಕಿಯ ಆಧಾರ್ ಸಂಖ್ಯೆಯನ್ನು ಸಾಮಾನ್ಯ ಕಾಲಮ್ಮಿನಲ್ಲಿ ಬಿಟ್ಟರೆ ಅದು 1.23 ಇ+11 ಎಂಬ ಧಾಟಿಯಲ್ಲಿ ಕಾಣುತ್ತದೆ. ಹಾಗೇ ಸಿಎಸ್‌ವಿ ಆಗಿ ಸೇವ್ ಮಾಡಿದರೆ ಕಂಡಷ್ಟೇ ಉಳಿದು ಮಿಕ್ಕ ಅಂಕಿಗಳು ಹೋಗುತ್ತವೆ. 15 ಅಂಕಿ ಮೀರಿದ ಬ್ಯಾಂಕ್ ಖಾತೆ ಸಂಖ್ಯೆಯಾದರೆ ಎಕ್ಸೆಲ್ ಹದಿನಾರನೆಯ ಅಂಕಿಯಿಂದಾಚೆಗೆ ಸೊನ್ನೆ ತುಂಬುತ್ತದೆ.

ಇದಕ್ಕಿಂತ ಮುಖ್ಯವಾದ ಎರಡು ಕಾಲಂ

ಮೊಬೈಲ್ ತಪ್ಪಾದರೆ ಕಣ್ಣಿಗೆ ಬೀಳುತ್ತದೆ. ಇದೇ ಮಿತಿ ಪತ್ತಿನ ಸಂಘದ ಲೆಕ್ಕದಲ್ಲಿ ಇನ್ನೆರಡು ಕಡೆ ಸದ್ದಿಲ್ಲದೆ ಕೂತಿರಬಹುದು.

ಒಂದು, ಹಣ. ಕೆಲವು ಸಾಫ್ಟ್‌ವೇರ್‌ಗಳು ದಶಮಾಂಶದ ತಕರಾರೇ ಬೇಡವೆಂದು ಹಣವನ್ನು ಪೈಸೆಯಲ್ಲಿ ಇಡುತ್ತವೆ. ಅದು ಒಳ್ಳೆಯ ಪದ್ಧತಿಯೇ. ಆದರೆ ಕಾಲಂ ಇಂಟ್ ಆಗಿದ್ದರೆ ಹಿಡಿಯುವುದು ₹2,14,74,836.47 ಮಾತ್ರ. ಒಬ್ಬ ಸದಸ್ಯರ ಠೇವಣಿ ಅಷ್ಟಾಗಲಿಕ್ಕಿಲ್ಲ, ಸಂಘದ ಒಟ್ಟು ಠೇವಣಿ ಖಂಡಿತ ಆಗುತ್ತದೆ. ಒಟ್ಟು ಮೊತ್ತ ಬರೆಯುವ ಕಾಲಮ್ಮುಗಳ ಬಗೆ ಯಾವುದೆಂದು ಬರವಣಿಗೆಯಲ್ಲಿ ಕೇಳಿ.

ಎರಡು, ತಾರೀಖು. ಕಂಪ್ಯೂಟರ್‌ಗಳಲ್ಲಿ ಸಮಯವನ್ನು 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳಾಗಿ ಎಣಿಸುವ ರೂಢಿ ಇದೆ. 32 ಬಿಟ್‌ನಲ್ಲಿ ಎಣಿಸಿದರೆ 2147483647ನೆಯ ಸೆಕೆಂಡು ಬರುವುದು 2038ರ ಜನವರಿ 19ರ ಮಂಗಳವಾರ, ನಮ್ಮ ಗಡಿಯಾರದಲ್ಲಿ ಬೆಳಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ. ಮುಂದಿನ ಸೆಕೆಂಡಿಗೆ ಎಣಿಕೆ ಸುತ್ತಿ 1901ರ ಡಿಸೆಂಬರಿಗೆ ಹೋಗುತ್ತದೆ. ಅದು ಇನ್ನೂ ದೂರವಿದೆ ಅನ್ನಬೇಡಿ, 15 ವರ್ಷದ ಗೃಹಸಾಲದ ಕೊನೆಯ ಕಂತಿನ ದಿನ ಈಗಾಗಲೇ ಅದರಾಚೆಗೆ ಬೀಳುತ್ತದೆ. ಮೈಎಸ್‌ಕ್ಯೂಎಲ್‌ನ ‘ಟೈಮ್‌ಸ್ಟ್ಯಾಂಪ್’ ಕಾಲಮ್ಮಿಗೆ ಇದೇ ಗಡಿ. ಸ್ಟ್ರಿಕ್ಟ್ ಮೋಡ್ ಇಲ್ಲದಿದ್ದರೆ ಆ ದಿನಾಂಕದ ಜಾಗದಲ್ಲಿ ಬರೀ ಸೊನ್ನೆಗಳು ಕೂರುತ್ತವೆ. ‘ಡೇಟ್’ ಅಥವಾ ‘ಡೇಟ್‌ಟೈಮ್’ ಕಾಲಮ್ಮಾದರೆ 9999ನೇ ಇಸವಿವರೆಗೂ ಚಿಂತೆಯಿಲ್ಲ. 2040ರಲ್ಲಿ ಮುಗಿಯುವ ಒಂದು ಡಮ್ಮಿ ಸಾಲದ ಖಾತೆ ತೆರೆಸಿ ನೋಡಿದರೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ.

ನಿಮ್ಮ ಸಂಘಕ್ಕೆ ಮಾತ್ರ ಬಂದ ಕಷ್ಟ ಎಂದುಕೊಳ್ಳಬೇಡಿ. 2014ರ ಡಿಸೆಂಬರಿನಲ್ಲಿ ‘ಗಂಗ್ನಮ್ ಸ್ಟೈಲ್’ ವಿಡಿಯೊದ ವೀಕ್ಷಣೆ ಈ ಸಂಖ್ಯೆಯನ್ನು ದಾಟುವ ಹೊತ್ತಿಗೆ ಯೂಟ್ಯೂಬ್ ತನ್ನ ಎಣಿಕೆಯನ್ನು 64 ಬಿಟ್‌ಗೆ ಏರಿಸಬೇಕಾಯಿತು. ಬೋಯಿಂಗ್ 787 ವಿಮಾನದ ವಿದ್ಯುತ್ ಜನರೇಟರ್‌ಗಳ ನಿಯಂತ್ರಣ ಘಟಕ 248 ದಿನ ಎಡೆಬಿಡದೆ ಚಾಲೂ ಇದ್ದರೆ ಕೈಕೊಡಬಹುದೆಂದು 2015ರಲ್ಲಿ ಅಮೆರಿಕದ ವಿಮಾನಯಾನ ಆಡಳಿತ ಆದೇಶವನ್ನೇ ಹೊರಡಿಸಿತು. ಸೆಕೆಂಡಿನ ನೂರನೇ ಭಾಗಗಳನ್ನು ಎಣಿಸಿದರೆ 2³¹ ಮುಟ್ಟುವುದು 248 ದಿನ ದಾಟಿದ ಮೇಲೆ.

ಮಗಳು ಹೇಳಿದ ಮಾತು

ಮಿತಿಯಾಗಿರುವುದಕ್ಕೂ ಅವಿಭಾಜ್ಯವಾಗಿರುವುದಕ್ಕೂ ಸಂಬಂಧವಿಲ್ಲ. 16 ಬಿಟ್‌ನ ಮಿತಿ 32767. ಅದನ್ನು 7 × 31 × 151 ಎಂದು ಒಡೆಯಬಹುದು. 64 ಬಿಟ್‌ನ ಮಿತಿಯಾದ 9223372036854775807 ಅನ್ನು 7ರಿಂದ ಎರಡು ಸಲ ಭಾಗಿಸಬಹುದು. ಮೇಲೆ ಹೇಳಿದ 4294967295 ಅಂತೂ 3 × 5 × 17 × 257 × 65537. ನಡುವೆ ನಿಮ್ಮ ಸಂಖ್ಯೆ ಮಾತ್ರ ಯಾವುದಕ್ಕೂ ಬಗ್ಗದೆ ನಿಂತಿದೆ.

2ರ ಘಾತದಿಂದ ಒಂದು ಕಳೆದು ಬರುವ ಅವಿಭಾಜ್ಯಗಳಿಗೆ ಮರ್ಸೆನ್ ಅವಿಭಾಜ್ಯಗಳೆಂದು ಹೆಸರು. ಅದು ಅವಿಭಾಜ್ಯವಾಗಬೇಕಾದರೆ ಘಾತ ಅವಿಭಾಜ್ಯವಾಗಿರಲೇಬೇಕು, ಆದರೆ ಅಷ್ಟೇ ಸಾಲದು. 11 ಅವಿಭಾಜ್ಯ, ಆದರೂ 2¹¹ − 1 = 2047 = 23 × 89. 29 ಅವಿಭಾಜ್ಯ, ಆದರೂ 2²⁹ − 1 = 233 × 1103 × 2089. ಪಟ್ಟಿಯಲ್ಲಿ ಇದು ಎಂಟನೆಯದು: ಘಾತಗಳು 2, 3, 5, 7, 13, 17, 19, ಆಮೇಲೆ 31. 31 ಕೂಡ 2⁵ − 1 ಆದ್ದರಿಂದ ಮರ್ಸೆನ್ ಮನೆತನದ್ದೇ.

ಅವಿಭಾಜ್ಯವೆಂದು ತೋರಿಸುವ ನೇರ ದಾರಿಯೆಂದರೆ ಅದರ ವರ್ಗಮೂಲದವರೆಗಿನ ಎಲ್ಲ ಅವಿಭಾಜ್ಯಗಳಿಂದ ಭಾಗಿಸಿ ನೋಡುವುದು. ವರ್ಗಮೂಲ 46340ಕ್ಕೆ ತುಸು ಹೆಚ್ಚು, ಅಷ್ಟರೊಳಗೆ ನಾಲ್ಕು ಸಾವಿರದ ಏಳುನೂರಕ್ಕೂ ಮಿಕ್ಕಿ ಅವಿಭಾಜ್ಯಗಳಿವೆ. 1588ರಲ್ಲಿ ಇಟಲಿಯ ಕಟಾಲ್ಡಿ ಇದೇ ದಾರಿಯಲ್ಲಿ 2¹⁹ − 1 ಅವಿಭಾಜ್ಯವೆಂದು ತೋರಿಸಿದ, ಅವನಿಗೆ 724ರವರೆಗೆ ಹೋದರೆ ಸಾಕಿತ್ತು. 1772ರಲ್ಲಿ ಗಣಿತಜ್ಞ ಆಯ್ಲರ್ 31ಕ್ಕೆ ಕೈಹಾಕಿದಾಗ ಹೆಚ್ಚಿನ ಭಾಜಕಗಳನ್ನು ಮುಟ್ಟದೆಯೇ ತಳ್ಳಿಹಾಕುವ ಉಪಾಯ ಬಳಸಿದ. ಆ ಹೊತ್ತಿಗೆ ಅವನಿಗೆ ಕಣ್ಣು ಬಹುತೇಕ ಕಾಣುತ್ತಿರಲಿಲ್ಲ.

ಉಪಾಯ ಹೀಗಿದೆ. ಕ್ಯೂ ಎಂಬ ಅವಿಭಾಜ್ಯ ನಮ್ಮ ಸಂಖ್ಯೆಯನ್ನು ನಿಶ್ಶೇಷವಾಗಿ ಭಾಗಿಸುತ್ತದೆ ಎಂದುಕೊಳ್ಳಿ. 2, 4, 8, 16 ಎನ್ನುತ್ತ 2ರ ಘಾತಗಳನ್ನು ಕ್ಯೂನಿಂದ ಭಾಗಿಸಿ ಶೇಷ ಬರೆಯುತ್ತ ಹೋದರೆ 31ನೆಯದರಲ್ಲಿ ಶೇಷ 1 ಬರಬೇಕು. 31 ಅವಿಭಾಜ್ಯವಾದ್ದರಿಂದ ಅದಕ್ಕೂ ಮೊದಲು 1 ಬರಲಾರದು. ಫರ್ಮಾನ ಪ್ರಮೇಯದ ಪ್ರಕಾರ ಕ್ಯೂಗಿಂತ ಒಂದು ಕಡಿಮೆಯಾದ ಘಾತದಲ್ಲೂ ಶೇಷ 1. ಹಾಗಾಗಿ ಕ್ಯೂನಿಂದ 1 ಕಳೆದದ್ದು 31ರ ಗುಣಕವಾಗಿರಬೇಕು. ಕ್ಯೂ ಬೆಸವಾದ್ದರಿಂದ 62ರ ಗುಣಕ. ಮೇಲಿನ 2047ರಲ್ಲಿ ಇದನ್ನು ಪರೀಕ್ಷಿಸಬಹುದು: 23 ಎಂದರೆ 22 + 1, 89 ಎಂದರೆ 88 + 1, ಎರಡೂ 22ರ ಗುಣಕಕ್ಕೆ ಒಂದು ಹೆಚ್ಚು. ಇನ್ನೂ ಒಂದು ಜರಡಿ ಇದೆ. 2³²ಕ್ಕೆ ಶೇಷ 2 ಬರುವುದರಿಂದ, 2¹⁶ರ ವರ್ಗದ ಶೇಷ 2 ಎಂದಾಯಿತು. ಹೀಗೆ 2 ಒಂದು ವರ್ಗದ ಶೇಷವಾಗುವುದು ಕ್ಯೂವನ್ನು 8ರಿಂದ ಭಾಗಿಸಿದಾಗ 1 ಅಥವಾ 7 ಉಳಿದರೆ ಮಾತ್ರ. ಎರಡನ್ನೂ ಸೇರಿಸಿದರೆ ಕ್ಯೂವನ್ನು 248ರಿಂದ ಭಾಗಿಸಿದಾಗ ಶೇಷ 1 ಅಥವಾ 63 ಆಗಿರಬೇಕು. (ಇಲ್ಲಿನ 248 ಬಂದದ್ದು 8 × 31ರಿಂದ, ವಿಮಾನದ 248 ದಿನಕ್ಕೂ ಇದಕ್ಕೂ ನಂಟಿಲ್ಲ.) 46339ರವರೆಗೆ 1ನ್ನು ಬಿಟ್ಟರೆ ಅಂಥ ಸಂಖ್ಯೆಗಳು 373, ಅವುಗಳಲ್ಲೂ ಬಹಳಷ್ಟು 3, 5, 7ರಿಂದಲೇ ಹೋಗುವಂಥವು. ಮಿಕ್ಕವನ್ನು ಕೂತು ಭಾಗಿಸಿದರೆ ಮುಗಿಯಿತು. ಮುಂದೆ ಎಂಟು ದಶಕಕ್ಕೂ ಹೆಚ್ಚು ಕಾಲ ಇದಕ್ಕಿಂತ ದೊಡ್ಡ ಅವಿಭಾಜ್ಯ ಯಾರಿಗೂ ಗೊತ್ತಿರಲಿಲ್ಲ.

ಇದನ್ನು 2³⁰ರಿಂದ ಗುಣಿಸಿದರೆ 2305843008139952128. ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತ ತನ್ನಷ್ಟೇ ಆಗುವ ಪರಿಪೂರ್ಣ ಸಂಖ್ಯೆಗಳಲ್ಲಿ ಎಂಟನೆಯದು. 1811ರಲ್ಲಿ ಇಂಗ್ಲೆಂಡಿನ ಪೀಟರ್ ಬಾರ್ಲೊ, ಇಂಥವು ಕುತೂಹಲಕ್ಕಷ್ಟೇ, ಉಪಯೋಗವಿಲ್ಲ, ಇದಕ್ಕಿಂತ ದೊಡ್ಡದನ್ನು ಯಾರೂ ಹುಡುಕಲಾರರು ಎಂದು ಬರೆದ. 1876ರಲ್ಲಿ ಫ್ರಾನ್ಸಿನ ಗಣಿತಜ್ಞ ಲ್ಯೂಕಾ 2¹²⁷ − 1 ಅವಿಭಾಜ್ಯವೆಂದು ತೋರಿಸಿ ಆ ಮಾತನ್ನು ಸುಳ್ಳು ಮಾಡಿದ. ಅದೇ ದಾರಿಯನ್ನು ಲೆಹ್ಮರ್ ಚೊಕ್ಕಮಾಡಿದ ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ. 4ರಿಂದ ಹೊರಟು ಪ್ರತಿ ಸಲ ವರ್ಗ ಮಾಡಿ 2 ಕಳೆದು, ನಮ್ಮ ಸಂಖ್ಯೆಯಿಂದ ಭಾಗಿಸಿ ಶೇಷ ಇಟ್ಟುಕೊಳ್ಳಬೇಕು: 4, 14, 194, 37634, 1416317954 ಹೀಗೆ. 28ನೆಯ ಹೆಜ್ಜೆಗೆ 65536 ಬರುತ್ತದೆ. ಅದರ ವರ್ಗದಿಂದ 2 ಕಳೆದರೆ 4294967294, ಸರಿಯಾಗಿ ನಮ್ಮ ಸಂಖ್ಯೆಯ ಎರಡರಷ್ಟು. ಶೇಷ ಸೊನ್ನೆ. ಸೊನ್ನೆ ಬಂದರೆ ಅವಿಭಾಜ್ಯ.

ಉಪಯೋಗವಿಲ್ಲ ಎಂಬ ಬಾರ್ಲೊನ ಮಾತೂ ನಿಲ್ಲಲಿಲ್ಲ. ಕಂಪ್ಯೂಟರಿನಲ್ಲಿ ಯಾದೃಚ್ಛಿಕವಾಗಿ ಕಾಣುವ ಸಂಖ್ಯೆಗಳನ್ನು ಹುಟ್ಟಿಸುವ ಒಂದು ಹಳೇ ವಿಧಾನ ಇದರ ಅವಿಭಾಜ್ಯ ಗುಣವನ್ನೇ ನೆಚ್ಚಿಕೊಂಡಿದೆ. ಹಿಂದಿನ ಸಂಖ್ಯೆಯನ್ನು 16807ರಿಂದ (7⁵) ಗುಣಿಸಿ, 2147483647ರಿಂದ ಭಾಗಿಸಿ, ಶೇಷ ತೆಗೆದುಕೊಳ್ಳಬೇಕು. 1ರಿಂದ ಹೊರಟರೆ 16807, 282475249, 1622650073 ಎಂದು ಸಾಗಿ, 1ರಿಂದ 2147483646ರವರೆಗಿನ ಪ್ರತಿಯೊಂದನ್ನೂ ಒಂದೊಂದು ಸಲ ಮುಟ್ಟಿದ ಮೇಲಷ್ಟೇ ವಾಪಸ್ 1 ಬರುತ್ತದೆ. ಸದಸ್ಯರಿಗೆ ಲಕ್ಕಿ ಡಿಪ್ ನಡೆಸಲು ಯಾರಾದರೂ ಇದನ್ನು ಬಳಸಿದರೆ ಮಾತ್ರ ಬೇಡ ಅನ್ನಿ: ಒಂದು ಸಂಖ್ಯೆ ಗೊತ್ತಾದರೆ ಮುಂದಿನದೆಲ್ಲ ಗೊತ್ತಾದಂತೆ. ಚೀಟಿ ಎತ್ತಿಸುವುದೇ ವಾಸಿ.

ಮಗಳು ಆಯ್ಲರನ ಕೆಲಸದ ಒಂದು ತುಣುಕನ್ನು ತಾನೇ ಮಾಡಿ ನೋಡಬಹುದು. 248ರ ಜರಡಿಯಲ್ಲಿ ಉಳಿಯುವ ಮೊದಲ ಅವಿಭಾಜ್ಯ 311. ಇಡೀ ಹತ್ತಂಕಿಯನ್ನು ಭಾಗಿಸಬೇಕಿಲ್ಲ. 2¹⁰ ಅಂದರೆ 1024, ಅದನ್ನು 311ರಿಂದ ಭಾಗಿಸಿದರೆ ಶೇಷ 91. 91ರ ವರ್ಗ 8281, ಶೇಷ 195, ಇದು 2²⁰ರದ್ದು. 195 × 91 = 17745, ಶೇಷ 18, ಇದು 2³⁰ರದ್ದು. ಎರಡರಿಂದ ಗುಣಿಸಿ ಒಂದು ಕಳೆದರೆ 35. ಸೊನ್ನೆ ಬರಲಿಲ್ಲ, 311 ಭಾಜಕವಲ್ಲ. ಜರಡಿಯಲ್ಲಿ ನಂತರ ಉಳಿಯುವ ಅವಿಭಾಜ್ಯ 1303. ಅದನ್ನು ಅವಳೇ ಮಾಡಲಿ, ಶೇಷ 226 ಬಂದರೆ ಲೆಕ್ಕ ಸರಿ.